ನರೂಲಿಗೆ ಮದ್ದು ಕೇಳಿ ಬಂದವರು

ನಮ್ಮ ಓಣಿಯ ಹುಡುಗಿಯೊಬ್ಬಳು ಆಯುರ್ವೇದ ಪದವಿ ಮುಗಿಸಿ, ಪೇಢೆ ಕೊಡಲು ಮನೆಗೆ ಬಂದಿದ್ದಳು. ನಾನು ಸರ್ಕಾರಿ ಆಯುರ್ವೇದ ವೈದ್ಯೆಯಾಗಿ ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಚಹಾ ಕುಡಿಯುತ್ತ ಕೇಳಿದಳು, "ಆಂಟೀ, ನಿಮ್ಮ ಸರ್ವಿಸಿನ್ಯಾಗ ಮರೀಲಾರದಂಥಾ ಕೇಸ ಯಾವುದ್ರೀ?"

ಪಾರ್ಶ್ವವಾಯುವೋ, ಹಾವು ಕಡಿದದ್ದೋ ಹೇಳುತ್ತೇನೆಂದು ಅವಳು ಕಾದಿದ್ದಳು. ನಾನು "ನರೂಲಿ" ಎಂದೆ. ನಕ್ಕಳು. ನಗಬಾರದೆಂದು ಹೇಳಲು ಮನಸ್ಸಾಗಲಿಲ್ಲ. ಆ ವಯಸ್ಸಿನಲ್ಲಿ ನಾನೂ ನಕ್ಕಿದ್ದೆ. ಅವಳಿಗೆ ಆವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಒಪ್ಪಿಗೆ ಕೊಡಬೇಕಾದವಳು ಕೊಟ್ಟಿದ್ದಾಳೆ.

ಕೈ, ಕಾಲು, ಕುತ್ತಿಗೆಯ ಮೇಲೆ ಏಳುವ ಒರಟು ಗಂಟಿಗೆ ನಾವು ನರೂಲಿ ಅನ್ನುತ್ತೇವೆ. ಖಾನಾಪುರದ ಕಡೆ ಮರಾಠಿ ಮಾತಿನವರು ಚಾಮಖೀಳ ಅನ್ನುತ್ತಾರೆ. ನಮ್ಮ ಗ್ರಂಥಗಳಲ್ಲಿ ಚರ್ಮಕೀಲ, ಅಂದರೆ ಚರ್ಮಕ್ಕೆ ಹೊಡೆದ ಮೊಳೆ. ಮೊಳೆ ಅನ್ನುವಷ್ಟು ನೋವೂ ಅದರಲ್ಲಿಲ್ಲ. ಬಹಳಷ್ಟು ನರೂಲಿಗಳು ವರ್ಷ, ಎರಡು ವರ್ಷದಲ್ಲಿ ತಾವಾಗಿಯೇ ಉದುರಿ ಹೋಗುತ್ತವೆ. ಇದನ್ನು ನನಗೆ ಕಲಿಸಿದವರು ದೇಶಪಾಂಡೆ ಸರ್. ಬೆಳಗಾವಿಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅವರೇ ನನ್ನ ಮೇಲಧಿಕಾರಿ.

ಸರ್ ಔಷಧದ ಮಾತೆತ್ತುವ ಮೊದಲು ರೋಗಿಯನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನೇನ ಹಚ್ಚಿ ಬಂದೀರಿ?" ಆಮೇಲೆ ಹೊರಗೆ ಬರುತ್ತಿದ್ದ ಪುರಾಣವನ್ನು ಏನು ಹೇಳಲಿ! ಸುಣ್ಣಕ್ಕೆ ಅಡಿಗೆ ಸೋಡಾ ಕಲಸಿ ಹಚ್ಚಿದವರು, ಬಾಳೆಹಣ್ಣಿನ ಸಿಪ್ಪೆ ಕಟ್ಟಿಕೊಂಡವರು, ಬೆಳ್ಳುಳ್ಳಿ ಜಜ್ಜಿ ಇಟ್ಟುಕೊಂಡು ಸುತ್ತಲಿನ ಚರ್ಮವನ್ನೆಲ್ಲ ಬೇಯಿಸಿಕೊಂಡವರು, ಊದುಬತ್ತಿಯಿಂದ ಚುಚ್ಚಿಕೊಂಡವರು. ಪಾರಿಶ್ವಾಡದ ರೈತರೊಬ್ಬರು ಕುತ್ತಿಗೆಯ ಜೋತಾಡುವ ನರೂಲಿಗೆ ಟಾಂಗಾ ಕುದುರೆಯ ಬಾಲದ ಕೂದಲು ಬಿಗಿದು ಕಟ್ಟಿಕೊಂಡು ಬಂದಿದ್ದರು. ಅದು ಕರ್ರಗೆ ಒಣಗಿ, ಇವತ್ತೋ ನಾಳೆಯೋ ಬೀಳುವಂತಿತ್ತು. ಸರ್ ಪರೀಕ್ಷಿಸಿ, "ಗೌಡ್ರ, ನಿಮ್ಮ ಕೆಲಸ ಆಗೇತಿ. ಇನ್ನ ಕುದುರೀಗೆ ಫೀಸ ಕೊಡ್ರಿ," ಎಂದರು. ಇಡೀ ಕೋಣೆ ನಕ್ಕಿತು.

ಅವರು ಕೊಡುತ್ತಿದ್ದದ್ದು ಸರಳ. ಕೈ ಒಣಗಿಸಿಕೊಂಡು ದಿನಾ ಔಡಲೆಣ್ಣೆ ತಿಕ್ಕುವುದು. ದೊಡ್ಡದಿದ್ದರೆ ಸುತ್ತಲಿನ ಚರ್ಮಕ್ಕೆ ತುಪ್ಪ ಸವರಿ, ಕಡ್ಡಿಯ ತುದಿಯಿಂದ ಅಂಜೂರದ ಹಾಲು ಮುಟ್ಟಿಸುವುದು. ಅಂಗಾಲಿನದಾದರೆ ಉತ್ತರಾಣಿ ಬೂದಿಯಿಂದ ತೆಗೆದ ಕ್ಷಾರ. ಅದನ್ನು ಮಾತ್ರ ತಾವೇ ನಿಂತು ಹಚ್ಚುತ್ತಿದ್ದರು. ವಾಸಿಯಾದವರು ಕೈ ಮುಗಿಯಲು ಬಂದರೆ ಸಂಕೋಚಪಡುತ್ತಿದ್ದರು. "ಔಷಧದ್ಲೆ ಹೋತೋ, ತಾನ ಹೋತೋ, ಯಾರಿಗೆ ಗೊತ್ತು," ಎಂದು ನನಗೊಬ್ಬಳಿಗೇ ಕೇಳುವಂತೆ ಅನ್ನುತ್ತಿದ್ದರು. ವಯಸ್ಸಿನ ಹುರುಪಿನಲ್ಲಿ ತಾವೊಮ್ಮೆ ಒಬ್ಬ ಟೇಲರನ ರೆಪ್ಪೆಯ ಹತ್ತಿರ ಕಳ್ಳಿಹಾಲು ಹಚ್ಚಿ, ಅದು ಕಣ್ಣಿಗಿಳಿದು, ಅವನು ಬಹಳ ದಿನ ಸೂಜಿಗೆ ದಾರ ಪೋಣಿಸಲಾಗದೆ ಕುಳಿತಿದ್ದನ್ನು ಅವರೇ ನಮಗೆ ಹೇಳಿದ್ದರು. "ಗಿಡದ್ದು ಅಂದ ಕೂಡಲೆ ತಂಪು ಅಂತ ತಿಳೀಬ್ಯಾಡ್ರಿ. ಗಿಡದಾಗೂ ಬೆಂಕಿ ಇರ್ತೈತಿ."

ಮುಂದೆ ನನ್ನನ್ನು ಖಾನಾಪುರ ತಾಲೂಕಿಗೆ ಹಾಕಿದರು. ನಂದಗಡ ದಾಟಿ ಇನ್ನೂ ಒಳಗಿದ್ದ ಹಳ್ಳಿ. ಬೆಳಗಾವಿಯಿಂದ ಖಾನಾಪುರದವರೆಗೆ ರೈಲು, ಅಲ್ಲಿಂದ ಬಸ್ಸು, ಬಸ್ಸು ತಪ್ಪಿದರೆ ಟೆಂಪೊ. ಎರಡು ಕೋಣೆಯ ಹೆಂಚಿನ ದವಾಖಾನೆ. ಮಳೆಗಾಲದಲ್ಲಿ ಚೂರ್ಣದ ಡಬ್ಬಿಗಳು ಗಟ್ಟಿಯಾಗಿ ಚಮಚ ಇಳಿಯುತ್ತಿರಲಿಲ್ಲ. ಊರಿನವರು ಅರ್ಧ ಕನ್ನಡ, ಅರ್ಧ ಮರಾಠಿ ಮಾತಾಡುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ಒಂದು ವರ್ಷ ಗಣಪತಿ ಹಬ್ಬ ಮುಗಿದ ಮೇಲೆ, ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಮಂಗಲಾ ಬಂದಳು. ಊರ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವವಳು. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಬಾಯಾರ, ಒಳಗ ಯಾರೂ ಇಲ್ಲಲ್ರೀ?"

ಇಲ್ಲವೆಂದ ಮೇಲೆ ಕೈಗಳನ್ನು ಟೇಬಲ್ಲಿನ ಮೇಲಿಟ್ಟಳು. ಬೆರಳುಗಳ ಹಿಂಭಾಗ, ಉಗುರಿನ ಅಂಚು, ಗೆಣ್ಣುಗಳ ಮೇಲೆ ಸಾಲುಸಾಲಾಗಿ ನರೂಲಿ. ಅಕ್ಕಿ ತೊಳೆಯುವುದು, ಕಾಯಿಪಲ್ಲೆ ತೊಳೆಯುವುದು, ದೊಡ್ಡ ಪಾತ್ರೆಗಳನ್ನು ತಿಕ್ಕುವುದು, ಹೀಗೆ ದಿನವಿಡೀ ನೀರಲ್ಲಿರುವ ಕೈ. ನೆಂದ ಚರ್ಮದಲ್ಲಿ ನರೂಲಿ ಬೇಗ ಹಬ್ಬುತ್ತದೆ.

"ಹೆದರಬ್ಯಾಡ ಮಂಗಲಾ. ಇದು ಜೀವಕ್ಕ ಏನೂ ಮಾಡೂದಿಲ್ಲ."

"ಜೀವಕ್ಕ ಅಲ್ರೀ ಬಾಯಾರ, ಇದು ನನ್ನ ಕೆಲಸಕ್ಕ ಬಂದೈತಿ."

ಬಡಿಸುವಾಗ ಇಬ್ಬರು ತಾಯಂದಿರು ಅವಳ ಕೈ ನೋಡಿದ್ದರಂತೆ. ಮಹಾರೋಗದ, ಅಂದರೆ ಕುಷ್ಠದ, ಶುರುವಾತು ಅಂತ ಮಾತು ಹಬ್ಬಿತ್ತು. ಕೆಲವು ಮಕ್ಕಳು ಮನೆಯಿಂದ ಊಟದ ಡಬ್ಬಿ ತರಲು ಶುರುಮಾಡಿದ್ದರು. ದೀಪಾವಳಿ ಸೂಟಿ ಮುಗಿಯುವುದರೊಳಗೆ ಕೈ ಸ್ವಚ್ಛವಾಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಶಾಲಾ ಸಮಿತಿಯ ಅಧ್ಯಕ್ಷ ಹೇಳಿದ್ದ. ಅವಳ ಗಂಡ ಕೆಲಸ ಮಾಡುತ್ತಿದ್ದ ಹೆಂಚಿನ ಕಾರ್ಖಾನೆ ಮುಚ್ಚಿತ್ತು; ಗೋವಾದ ಕಡೆ ಸಾಮಾನು ಇಳಿಸುವ ಕೆಲಸ ಸಿಕ್ಕಾಗ ಹೋಗುತ್ತಿದ್ದ. ಒಬ್ಬಳೇ ಮಗಳು ಸುಪ್ರಿಯಾ ಅದೇ ಶಾಲೆಯಲ್ಲಿ ಆರನೆಯ ತರಗತಿ.

ನಾನು ಔಡಲೆಣ್ಣೆ ಕೊಟ್ಟೆ. ಕೈ ಒಣಗಿಸುವುದು, ಅಂಜೂರದ ಹಾಲು ಮುಟ್ಟಿಸುವುದು ತೋರಿಸಿದೆ. ತಿಂಗಳುಗಟ್ಟಲೆ ಬೇಕೆಂದು ಮುಚ್ಚಿಡದೆ ಹೇಳಿದೆ.

"ಲಗೂನ ಹೋಗೂವಂಥಾದ್ದು ಇಲ್ಲೇನ್ರೀ?"

"ಬೆಳಗಾವಿಗೆ ಹೋಗಿ ಸುಡಸಬಹುದು. ಆದ್ರ ಇಷ್ಟೆಲ್ಲಾ ಒಮ್ಮೆಲೆ ಸುಡಾಕ ಬರೂದಿಲ್ಲ. ಸಾಕಷ್ಟ ಸಲ ಅಡ್ಡಾಡಬೇಕಾಗ್ತೈತಿ."

"ಅಷ್ಟ ರಜಾ ಹಾಕಿದ್ರ ಅದಕ್ಕೂ ನನ್ನ ತಗದ ಹಾಕ್ತಾರ್ರೀ."

ಮರುದಿನ ನಾನೇ ಶಾಲೆಗೆ ಹೋದೆ. ಮುಖ್ಯ ಗುರೂಜಿ ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. ಅವರೇ ನಾಲ್ಕಾರು ತಾಯಂದಿರನ್ನು ಕರೆಸಿದರು. ಇದು ಮಹಾರೋಗ ಅಲ್ಲ, ಮೈಗೆ ಮೈ ತಿಕ್ಕಿದರೆ ಹಬ್ಬಬಹುದು, ಬೇಯಿಸಿದ ಅನ್ನದಿಂದ ಹಬ್ಬುವುದಿಲ್ಲ ಎಂದು ತಿಳಿಸಿ ಹೇಳಿದೆ. ಒಬ್ಬಾಕೆ ಕೇಳಿದಳು, "ನಿಮ್ಮ ಮನ್ಯಾಗ ಇಂಥಾ ಕೈಲೆ ಅಡಿಗಿ ಮಾಡಸ್ತೀರೇನ್ರೀ?"

"ಇವತ್ತ ಇಲ್ಲೇ ಉಣ್ತೀನಿ, ನೋಡ್ರಿ," ಎಂದೆ.

"ನೀವು ಒಂದ ದಿನ ಉಂಡು ಬೆಳಗಾವಿಗೆ ಹೋಗ್ತೀರಿ. ನಮ್ಮ ಹುಡುಗ್ರು ದಿನಾ ಉಣಬೇಕು."

ಆದರೂ ಮಕ್ಕಳ ಸಾಲಿನಲ್ಲಿ ಕುಳಿತೆ. ಮಂಗಲಾ ಅನ್ನ, ಸಾರು ಬಡಿಸುತ್ತ ಬಂದಳು. ಅವಳ ಮುಖದಲ್ಲಿ ಆವತ್ತು ಸ್ವಲ್ಪ ಧೈರ್ಯ ಕಾಣುತ್ತಿತ್ತು. ನನಗೆ ಬಡಿಸಿದಳು, ನನ್ನ ಪಕ್ಕದ ಮಗುವಿಗೆ ಬಡಿಸಿದಳು. ಮುಂದೆ ಕುಳಿತಿದ್ದವಳು ಅವಳ ಮಗಳು. ತಾಯಿ ಸೌಟು ಬಗ್ಗಿಸುವಷ್ಟರಲ್ಲಿ ಸುಪ್ರಿಯಾ ತಾಟು ಎತ್ತಿಕೊಂಡು ಎದ್ದು, ಇನ್ನೊಬ್ಬ ಅಡಿಗೆಯವಳು ಬಡಿಸುತ್ತಿದ್ದ ಸಾಲಿಗೆ ಹೋಗಿ ಕುಳಿತುಬಿಟ್ಟಳು. ಅವಳ ಗೆಳತಿಯರು ನೋಡುತ್ತಿದ್ದರು. ಹನ್ನೊಂದು ವರ್ಷದ ಹುಡುಗಿ; ತಪ್ಪು ಅನ್ನುವುದು ಹೇಗೆ? ಮಂಗಲಾ ಸೌಟನ್ನು ಒಂದು ಕ್ಷಣ ಹಾಗೇ ಹಿಡಿದು ನಿಂತಳು. ಆಮೇಲೆ ಮುಂದಿನ ಮಗುವಿಗೆ ಬಡಿಸಿದಳು.

ಗುರೂಜಿ ತಮಗೆ ತೋಚಿದ ದಾರಿ ಹಿಡಿದರು. ಖಾನಾಪುರದಿಂದ ರಬ್ಬರ್ ಕೈಗವಸು ತರಿಸಿ, ಹಾಕಿಕೊಂಡೇ ಕೆಲಸ ಮಾಡಬೇಕೆಂದರು. ಒಲೆಯ ಬಿಸಿಗೆ ಒಳಗೆಲ್ಲ ಬೆವರು, ಹರಿದ ಕಡೆಯಿಂದ ನುಗ್ಗಿದ ನೀರು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೈ ಅದರಲ್ಲೇ ನೆನೆಯುತ್ತಿತ್ತು. ಔಡಲೆಣ್ಣೆಗೆ ಮೆತ್ತಗಾಗುತ್ತ ಬಂದಿದ್ದ ನರೂಲಿಗಳ ಪಕ್ಕ ಹೊಸವು ಎದ್ದವು. ಕೈಗವಸು ಬೇಡವೆಂದು ನಾನು ಹೇಳಿಕಳಿಸಿದೆ. "ಅದನ್ನ ತಗದ್ರ ನಾಳೆನೇ ಮನೀಗೆ ಕಳಸ್ತಾರ್ರೀ," ಎಂದು ಅವಳು ಹೇಳಿಕಳಿಸಿದಳು.

ದೀಪಾವಳಿ ಸೂಟಿ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಾನು ಬಸ್ಸಿಳಿದಾಗ ದವಾಖಾನೆಯ ಕಟ್ಟೆಯ ಮೇಲೆ ಮಂಗಲಾ ಕುಳಿತಿದ್ದಳು. ಮೊದಲು ಗುರುತೇ ಸಿಗಲಿಲ್ಲ. ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಹೋಗಿದ್ದವು. ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದಳು. ಬೆರಳುಗಳ ಮೇಲೆ ಕಪ್ಪು ಕಲೆ, ಅದರ ಸುತ್ತ ನೀರು ತುಂಬಿದ ಗುಳ್ಳೆಗಳು, ಬಲಗೈ ಮೊಣಕೈವರೆಗೆ ಬಾವು.

"ಬಿಬ್ಬಾ ಹಚ್ಚಿದ್ಯಾ?"

ಹೌದೆಂದು ತಲೆ ಅಲ್ಲಾಡಿಸಿದಳು.

ಬಿಬ್ಬಾ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಬೀಜ. ನಮ್ಮ ಗ್ರಂಥದ ಭಲ್ಲಾತಕ. ಶುದ್ಧಿ ಮಾಡದೆ ಮುಟ್ಟಿದರೆ ಅದರ ಎಣ್ಣೆ ಚರ್ಮವನ್ನು ಸುಟ್ಟುಬಿಡುತ್ತದೆ, ಕೆಲವರಿಗೆ ಮೈತುಂಬ ಏಳುತ್ತದೆ. ನಂದಗಡದ ಸಂತೆಯಲ್ಲಿ ಗೋಣಿಚೀಲದ ಮೇಲೆ ಬೇರು ನಾರು ಹರವಿಕೊಂಡು ಕೂಡುವ ಒಬ್ಬ ಮುದುಕ ಅದರ ಎಣ್ಣೆ ಕೊಟ್ಟಿದ್ದ. ಅವನ ಮೇಲೆ ನನಗೆ ಇಂದಿಗೂ ಸಿಟ್ಟು ಬರುವುದಿಲ್ಲ; ಸೂಜಿಯ ಮೊನೆಯಿಂದ ಒಂದಕ್ಕೆ ಹಚ್ಚಿ ನೋಡು, ಆಮೇಲೆ ಮುಂದಿನದು ಎಂದೇ ಹೇಳಿದ್ದನಂತೆ. ಸೂಟಿ ಮುಗಿಯುತ್ತಿದೆಯೆಂದು ಇವಳು ಎರಡೂ ಕೈಗೆ ಬಳಿದುಕೊಂಡಿದ್ದಳು. ಉರಿ ತಡೆಯಲಾಗದಿದ್ದರೂ ಔಷಧ ಕೆಲಸ ಮಾಡುತ್ತಿದೆಯೆಂದು ತೊಳೆಯದೆ ಸಹಿಸಿಕೊಂಡಿದ್ದಳು.

ತಣ್ಣೀರಿನಲ್ಲಿ ತೊಳೆದು, ಸ್ವಚ್ಛ ಬಟ್ಟೆ ಸಡಿಲಾಗಿ ಸುತ್ತಿ, ಹಾಲಿನ ಟೆಂಪೊದಲ್ಲಿ ಖಾನಾಪುರಕ್ಕೆ, ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮರೋಗದ ವಿಭಾಗದಲ್ಲಿ ಒಬ್ಬ ತರುಣ ಡಾಕ್ಟರ್. ಬಟ್ಟೆ ಬಿಚ್ಚಿ ನೋಡಿ, ನಾನು ಯಾರೆಂದು ಕೇಳಿ ತಿಳಿದು, ಕೆರಳಿದ.

"ನೀವು ಆಯುರ್ವೇದದವ್ರು ಜನರ ಕೈ ಸುಟ್ಟು ನಮ್ಮ ಕಡೆ ಕಳಸ್ತೀರಿ. ನಾಚಿಕಿ ಬರಬೇಕು ನಿಮಗ."

"ಅವರಲ್ರೀ ಡಾಕ್ಟರ..." ಎಂದು ಮಂಗಲಾ ಬಾಯಿ ತೆರೆದಳು. ನಾನು ಅವಳ ಭುಜ ಒತ್ತಿ ಸುಮ್ಮನಿರಿಸಿದೆ. ವಾದ ಮಾಡುವ ಹೊತ್ತಾಗಿರಲಿಲ್ಲ. ಆ ಹುಡುಗ ಒಳ್ಳೆಯ ವೈದ್ಯನೆಂದೂ ಹೇಳಬೇಕು. ಮುಂದೆ ದಿನಾಲು ತಾನೇ ಬಂದು ಗಾಯ ತೊಳೆದು ಕಟ್ಟುತ್ತಿದ್ದ. ಎಡಗೈ ವಾಸಿಯಾಯಿತು. ಬಲಗೈಯಲ್ಲಿ ಕೀವು ಆಳಕ್ಕಿಳಿಯಿತು. ಗಾಯ ಮಾಯುತ್ತ ಮಾಯುತ್ತ ಕಿರುಬೆರಳೂ ಅದರ ಪಕ್ಕದ್ದೂ ಅಂಗೈಯ ಕಡೆ ಬಾಗಿ, ಹಾಗೇ ನಿಂತುಬಿಟ್ಟವು.

ನಾನು ಸಂಜೆ ರೈಲಿಳಿದು ಅವಳನ್ನು ನೋಡಿಕೊಂಡೇ ಮನೆಗೆ ಹೋಗುತ್ತಿದ್ದೆ. ಒಂದು ಸಂಜೆ ಅವಳಾಗಿಯೇ ಮಾತು ತೆಗೆದಳು.

"ಬಾಯಾರ, ನೀವು ಕೊಟ್ಟ ಎಣ್ಣಿ ಮ್ಯಾಲೆ ನನಗ ಭರೋಸಾ ಇತ್ರೀ. ಕೆಲಸ ಹೋದ್ರ ಹೋಗ್ಲಿ ಅಂತ ಮನಸ್ಸು ಗಟ್ಟಿ ಮಾಡಿದ್ದೆ. ಸುಪ್ರಿಯಾ ತಾಟ ತಗೊಂಡು ಎದ್ದು ಹೋದ್ಲಲ್ರೀ, ಅವತ್ತ ಠರಾಯಿಸಿದೆ. ಏನರೆ ಆಗಲಿ, ಇವನ್ನ ಸುಟ್ಟ ಹಾಕ್ತೀನಿ ಅಂತ."

ಬಟ್ಟೆ ಸುತ್ತಿದ ಕೈಯನ್ನು ನನ್ನ ಕಡೆ ಚಾಚಿ, "ಇದನ್ನ ಆಕೀಗೆ ಎಂದೂ ಹೇಳಬ್ಯಾಡ್ರಿ. ನನ್ನ ಆಣಿ," ಎಂದಳು.

ದೇಶಪಾಂಡೆ ಸರ್ ಆಗ ನಿವೃತ್ತರಾಗಿ ಬೆಳಗಾವಿಯ ಶಹಾಪುರದಲ್ಲಿದ್ದರು. ವಿಷಯ ಕೇಳಿ ಕೋಲೂರಿಕೊಂಡು ಆಸ್ಪತ್ರೆಗೆ ಬಂದು ಅವಳ ಕೈ ನೋಡಿದರು. ಹೊರಗೆ ಬೆಂಚಿನ ಮೇಲೆ ಕುಳಿತಾಗ ನಾನು ಕೇಳಿದೆ, "ಸರ್, ಬ್ಯಾರೆ ಏನರೆ ಕೊಡಬೇಕಾಗಿತ್ತೇನ್ರೀ?"

"ನೀ ಕೊಟ್ಟಿದ್ದು ಸರೀನ ಐತೆವ್ವಾ. ಆದ್ರ ಅದಕ್ಕ ವ್ಯಾಳ್ಯಾ ಬೇಕಾಗಿತ್ತು. ಅದು ನಿನ್ನ ಕೈಯಾಗೂ ಇರ್ಲಿಲ್ಲ, ಆಕಿ ಕೈಯಾಗೂ ಇರ್ಲಿಲ್ಲ."

ಮಂಗಲಾ ಊರಿಗೆ ಮರಳುವಷ್ಟರಲ್ಲಿ ಶಾಲೆಗೆ ಬೇರೆ ಅಡಿಗೆಯವಳು ಬಂದಿದ್ದಳು. ಸಮಿತಿಯ ಅಧ್ಯಕ್ಷನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ. "ನಾವೇನ ಬಿಬ್ಬಾ ಹಚ್ಚಗೋ ಅಂದಿದ್ವೇನ್ರೀ ಬಾಯಾರ?" ಎಂದ. ನಿಜ, ಯಾರೂ ಹಾಗೆ ಅಂದಿರಲಿಲ್ಲ. ಇಡೀ ಊರಿನಲ್ಲಿ ಒಬ್ಬರೂ ಅಂದಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವಳು ದವಾಖಾನೆಗೆ ಬಂದು ಎಡಗೈಯ ಮಣಿಕಟ್ಟು ತೋರಿಸಿದಳು. ಬಿಬ್ಬಾದ ಎಣ್ಣೆ ಅಲ್ಲಿ ತಾಕಿರಲಿಲ್ಲ. ಅಲ್ಲಿದ್ದ ನರೂಲಿಗಳು ಕಲೆಯೂ ಉಳಿಯದಂತೆ ಹೋಗಿದ್ದವು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅವಕ್ಕೆ ಏನನ್ನೂ ಹಚ್ಚಿರಲಿಲ್ಲ.

"ಇವು ಹೋಗ್ಯಾವ ನೋಡ್ರೀ," ಎಂದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡು ಕುಳಿತೆ.

ಮನೆಯ ಅಡಿಗೆ ಸುಪ್ರಿಯಾಳ ಪಾಲಿಗೆ ಬಂತು. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಮಂಗಲಾಳ ಬಲಗೈಗೆ ಸಾಧ್ಯವಿರಲಿಲ್ಲ. ಒಂದು ದಿನ ಶಾಲೆ ಬಿಟ್ಟ ಮೇಲೆ ಹುಡುಗಿ ಒಬ್ಬಳೇ ದವಾಖಾನೆಗೆ ಬಂದಳು. ಪಾಟಿಚೀಲ ಇಳಿಸದೆ ಬಾಗಿಲಲ್ಲೇ ನಿಂತಳು.

"ಡಾಕ್ಟರಬಾಯಿ, ನಾ ಅವತ್ತ ಆಯಿ ಕೈಲೆ ಉಂಡಿದ್ರ, ಆಯಿ ಬಿಬ್ಬಾ ಹಚ್ಚಗೋತಿದ್ದಿಲ್ಲಲ್ರೀ?"

ಮೂವತ್ತು ವರ್ಷಕ್ಕೂ ಮೇಲಿನ ಕೆಲಸದಲ್ಲಿ ಇಂಥ ಪ್ರಶ್ನೆಯನ್ನು ಮತ್ತೆ ಯಾರೂ ನನಗೆ ಕೇಳಲಿಲ್ಲ.

"ಇಲ್ಲವ್ವಾ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೆಲಸ ಹೋಗ್ತೈತಿ ಅಂತ ಹೆದರಿ ಹಚ್ಚಗೊಂಡಾಳ."

"ಖರೇನ್ರೀ?"

"ಖರೇ."

ಅವಳು ನನ್ನ ಮುಖವನ್ನೇ ನೋಡಿ, ಚೀಲ ಸರಿಮಾಡಿಕೊಂಡು ಹೋದಳು.

ನಾನು ಇನ್ನೂ ಬಹಳ ವರ್ಷ ಅದೇ ತಾಲೂಕಿನಲ್ಲಿ ಕೆಲಸ ಮಾಡಿದೆ. ರೀತಿಗಳು ಬದಲಾದವು. ಬೆಳಗಾವಿಯಲ್ಲಿ ನರೂಲಿಯನ್ನು ತಣ್ಣನೆಯ ಗ್ಯಾಸಿನಿಂದ ಸುಡುವ ಯಂತ್ರಗಳು ಬಂದವು. ಜನ ಮೊಬೈಲಿನಲ್ಲಿ ವಿಡಿಯೊ ತೋರಿಸಿ, "ಇದನ್ನ ಹಚ್ಚಗೊಳ್ಳೇನ್ರೀ?" ಎಂದು ಕೇಳತೊಡಗಿದರು. ಸುಣ್ಣ, ಸೋಡಾ, ಬೆಳ್ಳುಳ್ಳಿಯೇ ಹೊಸ ವೇಷದಲ್ಲಿ ಮರಳಿ ಬಂದಿದ್ದವು. ಸರ್ ಕಲಿಸಿದ ಪ್ರಶ್ನೆಗೆ ನಾನು ಇನ್ನೊಂದನ್ನು ಸೇರಿಸಿಕೊಂಡೆ. ಏನು ಹಚ್ಚಿದ್ದೀರಿ ಎಂದು ಕೇಳಿದ ಮೇಲೆ, ಯಾಕೆ ಅವಸರ ಎಂದು ಕೇಳುತ್ತಿದ್ದೆ. ಮದುವೆ ಗೊತ್ತಾದ ಹುಡುಗಿ, ಹೋಟೆಲ್ಲಿನಲ್ಲಿ ಬಡಿಸುವವನು, ಸೈನ್ಯದ ಭರತಿಗೆ ಹೊರಟವನು. ಎಲ್ಲರ ಹಿಂದೆಯೂ ಯಾರೋ ಗಡಿಯಾರ ಹಿಡಿದು ನಿಂತಿರುತ್ತಿದ್ದರು. ಅವಸರವಿದ್ದವರನ್ನು ಎಣ್ಣೆ ಕೊಟ್ಟು ಕಳಿಸದೆ, ಜೊತೆಗೆ ಯಾರನ್ನಾದರೂ ಹೊಂದಿಸಿ ಬೆಳಗಾವಿಗೆ ಕಳಿಸಿದೆ. ನನ್ನ ಶಾಸ್ತ್ರಕ್ಕೆ ಇದರಿಂದ ಅವಮಾನವೆಂದು ಅನಿಸಲಿಲ್ಲ.

ಹೋದ ಚಳಿಗಾಲದಲ್ಲಿ ಖಾನಾಪುರಕ್ಕೆ ಒಂದು ಮದುವೆಗೆ ಹೋದವಳು ಮಂಗಲಾಳನ್ನು ನೋಡಲು ಹೋದೆ. ಸುಪ್ರಿಯಾ ಮದುವೆಯಾಗಿ ಅಲ್ಲೇ ಇದ್ದಾಳೆ. ಅಪ್ಪ ತೀರಿದ ಮೇಲೆ ತಾಯಿಯನ್ನು ತನ್ನಲ್ಲಿಗೆ ಕರೆದುಕೊಂಡಿದ್ದಳು. ಮಂಗಲಾ ಬಹಳ ಸೊರಗಿದ್ದಳು, ಉಸಿರಿನ ತೊಂದರೆ. ಎಡಗೈಯಲ್ಲಿ ಚಹಾ ತಂದುಕೊಟ್ಟಳು. ಒಂದನೆಯ ತರಗತಿಯ ಮೊಮ್ಮಗಳು ಅವಳ ಮಗ್ಗುಲಿಗೆ ಒತ್ತಿಕೊಂಡು ಕುಳಿತಿದ್ದಳು. ಮಗುವಿನ ತೋರುಬೆರಳಿನ ಮೇಲೆ ಕಾಳಿನಷ್ಟು ಒಂದು ನರೂಲಿ.

"ಬಾಯಾರ, ಏನ ಹಚ್ಚಲ್ರೀ ಇದಕ್ಕ?" ಎಂದು ಸುಪ್ರಿಯಾ ಕೇಳಿದಳು.

"ಏನೂ ಹಚ್ಚಬ್ಯಾಡ. ಉಗುರಿಲೆ ಕೆರೀದಂಗ ನೋಡ್ಕೋ. ಅದರ ಪಾಡಿಗೆ ಹೋಗ್ತೈತಿ," ಎಂದೆ.

ಮಂಗಲಾ ಮೊಮ್ಮಗಳ ಬೆರಳನ್ನು ಸವರುತ್ತಿದ್ದಳು.

ಸ್ಟೇಷನ್ನಿನವರೆಗೆ ಬಿಡಲು ಸುಪ್ರಿಯಾ ನನ್ನ ಜೊತೆ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆಯಿದ್ದರು. ರೈಲು ಬರಲು ಹೊತ್ತಿತ್ತು.

"ಬಾಯಾರ, ಸಣ್ಣಾಕಿ ಇದ್ದಾಗ ನಿಮಗ ಒಂದ ಮಾತ ಕೇಳಿದ್ದೆ. ನೆನಪೈತೇನ್ರೀ?"

"ಐತಿ."

"ನೀವು ಅವತ್ತ ಸುಳ್ಳ ಹೇಳಿದ್ರಿ."

ನಾನು ಅವಳ ಕಡೆ ನೋಡಲಿಲ್ಲ. ಅವಳೇ ಮುಂದುವರಿಸಿದಳು. "ಅವತ್ತ ಮನೀಗೆ ಹೋಗೂದ್ರಾಗನ ನನಗ ತಿಳಿದಿತ್ರೀ. ಆದ್ರ ನೀವು ಖರೇ ಹೇಳಿದ್ರ ನಾ ಮತ್ತ ಆಯಿ ಮುಂದ ನಿಲ್ಲತಿದ್ದಿಲ್ಲ. ದಿನಾ ರೊಟ್ಟಿ ಬಡಿದು ಆಕೀಗೆ ಹಾಕೂಮುಂದ ನೆನಪಾಗ್ತೈತಿ. ಇವತ್ತೂ ನೆನಪಾತು." ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಗೊತ್ತೈತಿ ಅಂತ ಆಕೀಗೆ ಹೇಳಬ್ಯಾಡ್ರಿ, ಬಾಯಾರ. ಎದಿ ಒಡಕೋತಾಳ."

ಹೇಳುವುದಿಲ್ಲವೆಂದೆ. ತಾಯಿಯೂ ನನ್ನಿಂದ ಇದನ್ನೇ ಬೇಡಿದ್ದಳೆಂದು ಬಾಯಿಯ ತುದಿಯವರೆಗೆ ಬಂದಿತ್ತು. ರೈಲು ಬಂತು. ಹತ್ತಿ ಕುಳಿತೆ.

ಮಳೆಗಾಲಕ್ಕೆ ಮುಂಚೆ ಮಂಗಲಾ ತೀರಿಕೊಂಡಳು. ಇಬ್ಬರೂ ಒಂದೇ ಸೂರಿನಡಿ ಅಷ್ಟು ವರ್ಷ ಒಬ್ಬರಿಂದೊಬ್ಬರು ಒಂದೇ ಮಾತನ್ನು ಬಚ್ಚಿಟ್ಟುಕೊಂಡು ಬದುಕಿದ್ದರು. ಮಂಗಲಾ ಬದುಕಿರುವವರೆಗೆ ಇಬ್ಬರಿಗೂ ಕೊಟ್ಟ ಮಾತನ್ನು ನಾನು ಉಳಿಸಿಕೊಂಡೆ. ಅದು ಸರಿಯೋ ತಪ್ಪೋ ನನಗೆ ತಿಳಿಯದು. ಪೇಢೆ ತಂದ ಆ ಹುಡುಗಿಯಂತೆ ಹೊಸದಾಗಿ ಕೆಲಸಕ್ಕೆ ಸೇರುವ ನಿಮಗೆ ಈ ವಿಷಯದಲ್ಲಿ ಬುದ್ಧಿ ಹೇಳಲಾರೆ.

ಮಣ್ಣು ಮುಗಿದ ಕೆಲವು ದಿನಗಳ ಮೇಲೆ ಸುಪ್ರಿಯಾಳಿಗೆ ತಾಯಿಯ ಮಾತನ್ನು ಹೇಳಿದೆ. ಇದನ್ನು ಬರೆಯಲೇ ಎಂದೂ ಕೇಳಿದೆ. ಅವಳು ಮಗಳ ತಲೆ ಬಾಚುತ್ತಿದ್ದಳು. ಹಣಿಗೆ ನಿಂತಿತು. ಜಡೆ ಹೆಣೆದು ಮುಗಿಸಿ ಹೇಳಿದಳು:

"ಬರೀರಿ, ಬಾಯಾರ. ಇನ್ನ ಯಾರಿಂದ ಮುಚ್ಚಿಡೂದೈತಿ?"